ಗಂಗಿಯ ಸುದ್ದಿ ಹೇಳದ ಸೋಮವಾರ

ಒಂದು ಹತ್ತು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೆ ಎದ್ದರೆ ನಿಮಗೆ ಪಾರಮ್ಮನ ಮೇಲೆ ಸಿಟ್ಟು ಬರುತ್ತದೆ, ಮುಕ್ಕಾಲಿಗೆ ಎದ್ದರೆ ಅವಳ ಮಗನ ಮೇಲೆ. ಕೊನೆಯವರೆಗೆ ಕೇಳಿದವರಿಗೆ ಮಾತ್ರ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಏಳಬೇಡಿ.

ತಳಕಲ್ಲಿನ ವಿರುಪಾಕ್ಷಿ ಪಂಚಾಯಿತಿಯಲ್ಲಿ ನೀರು ಬಿಡುವವನು. ಬೆಳಿಗ್ಗೆ ಐದೂವರೆಗೆ ಟಾಕಿಯ ಕೆಳಗೆ ಹೋಗಿ ಓಣಿ ಓಣಿಗೆ ವಾಲ್ವ್ ತಿರುಗಿಸದಿದ್ದರೆ ಊರೆಲ್ಲ ಅವನ ಮನೆ ಮುಂದೆ ಕೊಡ ಹಿಡಿದು ನಿಲ್ಲುತ್ತದೆ. ಮನೆಯಲ್ಲಿ ತಾಯಿ ಪಾರಮ್ಮ, ಹೆಂಡತಿ ಶರಣಬಸಮ್ಮ, ಎಂಟನೇ ತರಗತಿ ಓದುವ ಮಗಳು ಅಂಜಲಿ. ಆಮೇಲೆ ಗಂಗಿ. ಗಂಗಿ ಅಂದರೆ ಎಮ್ಮೆ. ಶರಣಬಸಮ್ಮನ ಅಪ್ಪ ಸಾಯುವ ವರ್ಷ ಕಿನ್ನಾಳದಿಂದ ಮಗಳಿಗಾಗಿ ತಾನೇ ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದ ಕರು ಅದು. ಈಗ ಎರಡನೇ ಸಲ ಈದಿತ್ತು. ಈದ ಹತ್ತನೇ ದಿನಕ್ಕೆ ಅದರ ಕರು ಸತ್ತಿತ್ತು. ಅಂದಿನಿಂದ ಶರಣಬಸಮ್ಮ ಕೆಳಗೆ ಕೂತರೆ ಮಾತ್ರ ಹಾಲು ಇಳಿಸುತ್ತಿತ್ತು, ಬೇರೆ ಯಾರೇ ಕೂತರೂ ಬಕೆಟ್ಟಿಗೆ ಒದೆ.

ಕಳೆದ ವರ್ಷ ಪಕ್ಕದ ಮನೆ ಶಾಂತಕ್ಕನ ಮಗಳು ಶ್ವೇತಾಳ ಮದುವೆಯನ್ನು ಕುಷ್ಟಗಿ ಕಡೆಯ ಒಂದು ಮಠದಿಂದ ಬಂದಿದ್ದ ಹೆಂಗಸು ಮಾಡಿಸಿದ್ದಳು. ಪ್ರತಿಯೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ, ಹುಡುಗ ಹುಡುಗಿ ಇಬ್ಬರಿಂದಲೂ ಹೂಂ ಅನ್ನಿಸಿಕೊಂಡು ಮಾಡಿಸಿದ್ದಳು. ಶರಣಬಸಮ್ಮ ಊಟ ಬಿಟ್ಟು ಆ ಹೆಂಗಸಿನ ಪಕ್ಕ ಹೋಗಿ ಕೂತು, ಇದನ್ನು ಎಲ್ಲಿ ಕಲಿಸುತ್ತಾರೆ ಎಂದು ಕೇಳಿಕೊಂಡು ಬಂದಳು. ಒಂಬತ್ತು ತಿಂಗಳು ಬಿಟ್ಟು ಅವಳ ಹೆಸರಿಗೆ ಕರೆ ಬಂತು. ಮೂರು ತಿಂಗಳು ಮಠದಲ್ಲೇ ಇದ್ದು ಕಲಿಯಬೇಕು. ಮದುವೆ, ತೊಟ್ಟಿಲು, ಮನೆ ಪ್ರವೇಶ ಎಲ್ಲ. ಆದರೆ ಮೊದಲ ನಾಲ್ಕು ವಾರ ಯಾವ ಕಾರಣಕ್ಕೂ ಮನೆಗೆ ಹೋಗುವಂತಿಲ್ಲ. ಹೋದರೆ ಆ ಜಾಗ ಕಾಯುತ್ತಿರುವ ಮುಂದಿನವಳಿಗೆ. ಬೇಕಿದ್ದರೆ ಮನೆಯವರು ಶನಿವಾರ ಬಂದು ನೋಡಬಹುದು. ಸೋಮವಾರ ಸಂಜೆ ಹತ್ತು ನಿಮಿಷ ಫೋನು.

"ಹೆಂಗಸು ಲಗ್ನಾ ಮಾಡಸ್ತಾಳಂತ!" ಎಂದು ಪಾರಮ್ಮ ತಟ್ಟೆ ಕುಕ್ಕಿದಳು. "ನಾಳೆ ನಾ ಹೋಗಿ ಕೊಪ್ಪಳ ಬಸ್ ಹೊಡೀತೀನಿ."

"ಹೊಡಿಯವ್ವಾ," ಎಂದ ವಿರುಪಾಕ್ಷಿ. "ಮುಂದಿನ ಸೀಟಿನ್ಯಾಗ ನಾ ಕುಂದರ್ತೀನಿ."

"ನಗಬ್ಯಾಡ. ರೊಟ್ಟಿ ಯಾರ ಬಡೀಬೇಕು? ಎಮ್ಮಿ ಯಾರ ಹಿಂಡಬೇಕು? ನನ್ನ ಕೈ ನೋಡಿಲ್ಲಿ, ಮುಷ್ಟಿ ಬಿಗಿಯಾಕ ಬರವಲ್ದು."

"ರೊಟ್ಟಿಗೆ ಮುಷ್ಟಿ ಯಾಕ ಬೇಕ್ರಿ ಅತ್ತಿ, ಅಂಗೈ ಸಾಕು," ಎಂದು ಶರಣಬಸಮ್ಮ ಮೆಲ್ಲಗೆ ಅಂದಳು. "ಎಮ್ಮಿಗೆ ಇವರಿದಾರ."

"ಇವಾ? ಇವಗ ನಲ್ಲಿ ತಿರುವೂದು ಬಿಟ್ರ ಏನ್ ಗೊತ್ತೈತಿ?"

ಒಂದು ಸೋಮವಾರ ಬೆಳಿಗ್ಗೆ ಶರಣಬಸಮ್ಮ ಎರಡು ಜೊತೆ ಬಟ್ಟೆ ತುಂಬಿಕೊಂಡು ಹೊರಟಳು. ಹೊರಡುವ ಮುಂಚೆ ಗಂಡನನ್ನು ಕೊಟ್ಟಿಗೆಗೆ ಕರೆದು ಗೂಟಕ್ಕೆ ನೇತುಹಾಕಿದ್ದ ತನ್ನ ಹಳೆಯ ಕಂದು ಸೀರೆ ತೋರಿಸಿದಳು. ದಿನಾ ಹಾಲು ಹಿಂಡುವಾಗ ಉಡುತ್ತಿದ್ದ ಸೀರೆ ಅದು.

"ಬಿಡವಲ್ದಂದ್ರ ಇದನ್ನ ಉಟಗೊಂಡು ಕುಂದರ್ರಿ. ನನ್ನ ವಾಸನಿ ಐತಿ. ಕೊಡ್ತಾಳ."

"ಹುಚ್ಚಿ ಅದಿಯೇನು? ಓಣಿ ಮಂದಿ ಏನಂದಾರು?"

"ಓಣಿ ಮಂದಿಗೆ ನೀರ ಬಿಡೂದು ನೀವು. ಬಾಳ ಅಂದ್ರ ವಾಲ್ವ್ ಬಂದ್ ಮಾಡ್ರಿ."

ಎರಡು ದಿನ ವಿರುಪಾಕ್ಷಿ ಮರ್ಯಾದೆ ಹಿಡಿದುಕೊಂಡ. ಗಂಗಿಯೂ ಹಾಲು ಹಿಡಿದುಕೊಂಡಳು. ಮೂರನೇ ದಿನ ಪಾರಮ್ಮ ಬರೀ ಡಿಕಾಕ್ಷನ್ ಕುಡಿದು, "ಮಠಕ್ಕ ಹೋಗಿದ್ದು ಅಕಿ, ಉಪಾಸ ನಮಗ," ಎಂದದ್ದೇ ತಡ, ವಿರುಪಾಕ್ಷಿ ಸಂಜೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಪ್ಯಾಂಟಿನ ಮೇಲೇ ಸೀರೆ ಸುತ್ತಿಕೊಂಡು, ಸೆರಗನ್ನು ತಲೆ ತುಂಬ ಹೊದ್ದು ಕೂತ. ಗಂಗಿ ತಿರುಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಮೀಸೆಯ ಹತ್ತಿರ ಸ್ವಲ್ಪ ಹೊತ್ತು ಅನುಮಾನದಿಂದ ನಿಂತಳು. ಆಮೇಲೆ ನಿಟ್ಟುಸಿರು ಬಿಟ್ಟು ಹಾಲು ಇಳಿಸಿದಳು.

ಗೋಡೆಯಾಚೆ ಕುಳ್ಳು ತಟ್ಟುತ್ತಿದ್ದ ಶಾಂತಕ್ಕ ಇಣುಕಿ ನೋಡಿ ಅಲ್ಲೇ ಕುಸಿದು ಕೂತು ನಕ್ಕಳು.

"ಪಾರವ್ವಾ, ಹೊಸಾ ಸೊಸಿ ತಂದಿ ಏನಬೇ? ಹೇಳಲೇ ಇಲ್ಲಲ್ಲ!"

"ತಂದೀನಿ," ಎಂದಳು ಪಾರಮ್ಮ ಒಳಗಿನಿಂದ. "ಮೀಸಿ ಒಂದ ಜಾಸ್ತಿ ಐತಿ. ಕೆಲಸಾ ಕಡಿಮಿ."

ಹೀಗೆ ಎರಡು ವಾರ ನಡೆಯಿತು. ಪಾರಮ್ಮ ಗೊಣಗುತ್ತಲೇ ರೊಟ್ಟಿ ಬಡಿದಳು, ಅಂಜಲಿ ಪಾತ್ರೆ ತೊಳೆದು ಶಾಲೆಗೆ ತಡವಾಗಿ ಓಡಿದಳು. ವಿರುಪಾಕ್ಷಿ ಪುಂಡಿಪಲ್ಯಕ್ಕೆ ಒಮ್ಮೆ ಉಪ್ಪು ಮರೆತ, ಇನ್ನೊಮ್ಮೆ ಎರಡು ಸಲ ಹಾಕಿದ. ಪಾರಮ್ಮ ಸೊಸೆಯ ಹೆಸರು ಎತ್ತುತ್ತಿರಲಿಲ್ಲ. "ನಿಮ್ಮ ಮಾತಾಜಿ ಸಾಸಿವಿ ಡಬ್ಬಿ ಎಲ್ಲಿಟ್ಟಾಳ ಕೇಳು," ಎನ್ನುತ್ತಿದ್ದಳು. ಸೋಮವಾರ ಫೋನು ಬಂದಾಗ ಮಾತ್ರ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು.

"ಅವ್ವಾ, ಏನ್ ಕಲಿಸ್ಯಾರ?" ಎಂದು ಅಂಜಲಿ ಕೇಳುತ್ತಿದ್ದಳು.

"ಇವತ್ತು ದಿಂಬಿಗೆ ಹೆಸರಿಟ್ಟೆ. ನಾಲಕ ಸಲ ತಪ್ಪಿದೆ. ಆ ದಿಂಬಿಗೆ ಈಗ ನಾಲಕ ಹೆಸರು." ಆಮೇಲೆ ತಪ್ಪದೆ, "ಗಂಗಿ ಹೆಂಗ ಅದಾಳ?"

"ಅಪ್ಪನ ಮ್ಯಾಲೆ ಜೀವಾ ಬಿಡ್ತಾಳ!"

ಮೂರನೇ ವಾರದ ಬುಧವಾರ ಎಲ್ಲ ಕೆಟ್ಟಿತು. ಮರುದಿನ ಅಮಾವಾಸ್ಯೆ, ಅದು ಕಳೆದರೆ ಶ್ರಾವಣ. ಶ್ರಾವಣ ಹಿಡಿಯುವ ಮುಂಚೆ ಮನೆಯಲ್ಲಿ ಒಗೆಯದ ಒಂದು ಚಿಂದಿಯೂ ಉಳಿಯಬಾರದು ಎಂಬುದು ಪಾರಮ್ಮನ ನೇಮ. ಗಂಡ ಬದುಕಿದ್ದಾಗಲೂ ಅದೇ, ಅವನು ಸತ್ತ ವರ್ಷವೂ ಅದೇ. ಕೌದಿ, ಚಾದರ, ಬಾಗಿಲ ಪರದೆ, ಸೊಸೆಯ ಟ್ರಂಕಿನ ಸೀರೆಗಳು, ಎಲ್ಲವನ್ನೂ ಆಳು ಹೆಂಗಸೊಬ್ಬಳನ್ನು ಕರೆದು ಹಳ್ಳಕ್ಕೆ ಹೊರಿಸಿದಳು. ಕೊಟ್ಟಿಗೆ ಸಾರಿಸುವಾಗ ಗೂಟದಲ್ಲಿದ್ದ ಸೀರೆ ಕಣ್ಣಿಗೆ ಬಿತ್ತು. ಸಗಣಿ, ಗಂಜಳದ ಕಲೆ. ಇಂಥದನ್ನು ಇಟ್ಟುಕೊಂಡು ಶ್ರಾವಣ ಮಾಡುವುದೇ? ಎರಡು ಸಾಬೂನು ಹಚ್ಚಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದಳು. ಸೀರೆ ಹೊಸದರಂತೆ ಹೊಳೆಯಿತು.

ಸಂಜೆ ವಿರುಪಾಕ್ಷಿ ಅದನ್ನು ಉಟ್ಟು ಕೂತ. ಗಂಗಿ ಮೂಸಿದಳು. ಬಕೆಟ್ಟು ಗೋಡೆಗೆ ಹೋಗಿ ಬಿತ್ತು.

"ಅವ್ವಾ, ಸೀರಿ ಒಗದಿ ಏನು?"

"ಒಗೀಲಿಲ್ಲಂದ್ರ? ಹೊಲಸು ನಾರ್ತಿತ್ತು."

"ಆ ನಾತಕ್ಕ ಅದು ಹಾಲು ಕೊಡತಿತ್ತಬೇ!"

ಪಾರಮ್ಮ ಅವನ ಸೆರಗು ಎತ್ತಿ ಮೂಸಿ ನೋಡಿದಳು. ಅವಳಿಗೂ ಗೊತ್ತಿದ್ದ ವಿಷಯವೇ. ಕೈಯಲ್ಲಿ ಸಾಬೂನು ಇದ್ದಾಗ ನೆನಪಿಗೆ ಬರಲಿಲ್ಲ, ಅಷ್ಟೆ. ಟ್ರಂಕಿನ ಬೇರೆ ಸೀರೆಗಳನ್ನು ತಂದರು, ಅವೆಲ್ಲಕ್ಕೂ ಅದೇ ಸಾಬೂನಿನ ಪರಿಮಳ. ಪಾರಮ್ಮ ತಾನೇ ಸೊಸೆಯ ಬಳೆ ಹಾಕಿಕೊಂಡು ಕೂತಳು. ಅಂಜಲಿ ಅವ್ವನಂತೆ ಗದರಿಸಿ ನೋಡಿದಳು. ಕಾಲು ಕಟ್ಟಿ ಬಲವಂತಕ್ಕೆ ಹಿಂಡಿದರೆ ಅರ್ಧ ಲೋಟ.

ಶುಕ್ರವಾರ ಗಂಗಿ ಮೇವು ಮುಟ್ಟಲಿಲ್ಲ. ಹಿಂದಿನ ಎಡಮೊಲೆ ಬಾತು ಕೆಂಪಾಗಿತ್ತು. ದನದ ಡಾಕ್ಟರ್ ಪಂಪಾಪತಿ ಬಂದು ಕೆಚ್ಚಲು ಮುಟ್ಟಿ ನೋಡಿ ಇಂಜೆಕ್ಷನ್ ಕೊಟ್ಟ.

"ಇದು ನೋವಿಗೆ, ಬಾವು ಹೆಚ್ಚಾಗದಂಗ. ಹಾಲು ಪೂರ್ತಿ ಇಳಿಯೂ ಮಟ ಬಾವು ಹೋಗಂಗಿಲ್ರಿ. ಯಾರ ಕೈ ಅದಕ್ಕ ರೂಢಿ ಐತಿ?"

"ನಮ್ಮಾಕಿದು."

"ಕರಸ್ರಿ ಮತ್ತ. ಎರಡ ಮೂರ ದಿನದಾಗ ಬಂದ್ರ ಛಲೋ. ಇಲ್ಲಂದ್ರ ಎಮ್ಮಿಗೇನ ಆಗಂಗಿಲ್ಲ, ಆ ಮೊಲಿ ಒಂದು ಕೈ ಬಿಡ್ರಿ. ಮುಂದ ಎಷ್ಟ ಸಲ ಈದ್ರೂ ಅದರಾಗ ಹಾಲು ಬರಂಗಿಲ್ಲ."

ಡಾಕ್ಟರ್ ಹೊಸ್ತಿಲು ದಾಟುವುದಕ್ಕಿಲ್ಲ, ಜಗಳ ಶುರುವಾಯಿತು.

"ಹಚ್ಚು ಫೋನು," ಎಂದಳು ಪಾರಮ್ಮ. "ಮಠಕ್ಕ ಹಚ್ಚಿ ಬಾ ಅನ್ನು."

"ಬಂದ್ರ ಅಕಿ ಜಾಗಾ ಹೋಗ್ತೈತಿ."

"ಹೋದ್ರ ಹೋಗ್ಲಿ. ಮುಂದಿನ ವರ್ಷ ಕಲತರಾತು."

"ಮುಂದಿನ ವರ್ಷ ನೀ ಕಳಿಸ್ತಿ? ಈ ಸಲಾನ ತಟ್ಟಿ ಕುಕ್ಕಿದಿ."

"ಅಜ್ಜಿ, ಅವ್ವ ಒಂಬತ್ತ ತಿಂಗಳು ದಾರಿ ಕಾದಾಳ," ಎಂದಳು ಅಂಜಲಿ.

"ನೀ ಸುಮ್ಮಕಿರು. ಒಂಬತ್ತ ತಿಂಗಳಂತ! ಆ ಎಮ್ಮಿಗೆ ಒಂಬತ್ತ ವರ್ಷ."

ವಿರುಪಾಕ್ಷಿ ಫೋನನ್ನು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಚ್ಚಿಕೊಂಡ. "ನಾ ಅಂತೂ ಹಚ್ಚಂಗಿಲ್ಲ."

"ಹಚ್ಚಬ್ಯಾಡ. ನನಗ ಕಾಲದಾವು."

ಮರುದಿನ ಶನಿವಾರ. ಪಾರಮ್ಮ ಹತ್ತು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಯಲಬುರ್ಗಾದಲ್ಲಿ ಬಸ್ಸು ಬದಲಿಸಿ, ಯಾರನ್ನೂ ಜೊತೆಗೆ ಕರೆಯದೆ ಮಠಕ್ಕೆ ಹೋದಳು. ಸೊಸೆಯನ್ನು ಕರೆದುಕೊಂಡೇ ಬರುವೆನೆಂದು ಶಾಂತಕ್ಕನಿಗೆ ಹೇಳಿ ಹೋಗಿದ್ದಳು.

ಮಠದ ಪಡಸಾಲೆಯಲ್ಲಿ ಆಗ ಮದುವೆ ನಡೆದಿತ್ತು. ಮದುಮಕ್ಕಳ ಜಾಗದಲ್ಲಿ ಎರಡು ದಿಂಬು. ಒಂದಕ್ಕೆ ರುಮಾಲು, ಒಂದಕ್ಕೆ ಸೆರಗು. ಸುತ್ತ ಇಪ್ಪತ್ತು ಹೆಂಗಸರು ಬಿಳಿ ಸೀರೆಯಲ್ಲಿ. ಮದುವೆ ಮಾಡಿಸುತ್ತಿದ್ದವಳು ಶರಣಬಸಮ್ಮ. ಎದುರಿಗೆ ಕಲಿಸುವ ಮಾತಾಜಿ ಕನ್ನಡಕ ಇಳಿಸಿ ಕೂತು ತಪ್ಪು ಹುಡುಕುತ್ತಿದ್ದರು. ಬಾಗಿಲಲ್ಲಿ ಚೀಲ ಹಿಡಿದು ನಿಂತ ಪಾರಮ್ಮನನ್ನು ನೋಡಿ ಶರಣಬಸಮ್ಮನ ಮಾತು ಅರ್ಧಕ್ಕೆ ನಿಂತಿತು.

"ನಿಂದ್ರಬ್ಯಾಡ," ಎಂದರು ಮಾತಾಜಿ. "ಲಗ್ನದಾಗ ಮಂದಿ ಬರ್ತಾರ, ಹೋಗ್ತಾರ. ಮುಂದ ಏನು?"

ಶರಣಬಸಮ್ಮ ದಿಂಬುಗಳ ಕಡೆ ತಿರುಗಿದಳು. "ಹುಡುಗನ ತಾಯಿ ಎಲ್ಲದಾರ? ಮೊದಲು ಅವರು ಬಂದು ಮಕ್ಕಳ ಮ್ಯಾಲೆ ಹೂವು ಹಾಕಬೇಕು."

ಯಾರೂ ಏಳಲಿಲ್ಲ. ಆ ದಿನ ಹುಡುಗನ ತಾಯಿ ಆಗಬೇಕಾದವಳಿಗೆ ಅಡುಗೆಯ ಪಾಳಿ ಬಂದಿತ್ತು. ಮಾತಾಜಿ ಬಾಗಿಲ ಕಡೆ ನೋಡಿದರು.

"ನೀವು ಬರ್ರಿ ಯವ್ವಾ."

"ನಾನು?" ಪಾರಮ್ಮ ಬೋಳು ಹಣೆಯನ್ನು ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ನಾ ಬರಬಾರದ್ರಿ. ನಮ್ಮನಿಯವರು ಹೋಗಿ ಹದಿನಾರು ವರ್ಷಾತು."

"ನೀವು ತಾಯಿ ಹೌದಿಲ್ಲೋ?"

"ಹೌದ್ರಿ."

"ನಾ ಕೇಳಿದ್ದು ಅದನ್ನ ಅಷ್ಟ."

ಹದಿನಾರು ವರ್ಷದ ಹಿಂದೆ ವಿರುಪಾಕ್ಷಿಯ ಮದುವೆಯಾದಾಗ ಪಾರಮ್ಮನ ಗಂಡ ಸತ್ತು ಐದು ತಿಂಗಳಾಗಿತ್ತು. ಆ ದಿನ ಅವಳು ಅಡುಗೆಯ ಒಲೆಗಳ ಹತ್ತಿರವೇ ಇದ್ದಳು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಸದ್ದು ಕೇಳಿ, ಆತು ಅಂದುಕೊಂಡು ಅನ್ನದ ಗಂಜಿ ಬಸಿದಿದ್ದಳು. ಈಗ ಅವಳು ಚೀಲ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು ಬಂದು, ಸೊಸೆಯ ಕೈಯಿಂದ ಒಂದು ಹಿಡಿ ಚೆಂಡುಹೂವಿನ ಎಸಳು ಇಸಿದುಕೊಂಡು, ರುಮಾಲು ಸುತ್ತಿದ ದಿಂಬಿನ ಮೇಲೆ ಹಾಕಿದಳು. ಹಾಕಿ ಅಲ್ಲೇ ನಿಂತುಬಿಟ್ಟಳು. ಯಾರೋ ಒಬ್ಬಳು ಕಿಸಕ್ಕೆಂದಳು. ಮಾತಾಜಿ ನೋಡಿದರು, ಸದ್ದಡಗಿತು.

ಊಟಕ್ಕೆ ಕೂತಾಗ ಶರಣಬಸಮ್ಮ ಮೊದಲು ಕೇಳಿದ್ದೇ ಅದು.

"ಗಂಗಿ ಹೆಂಗ ಅದಾಳ್ರಿ ಅತ್ತಿ?"

ಪಾರಮ್ಮ ರೊಟ್ಟಿ ಮುರಿದಳು. "ಛಲೋ ಅದಾಳ."

"ಹಾಲು ಬಿಡ್ತಾಳ?"

"ನಿನ್ನ ಗಂಡ ಸೀರಿ ಉಟ್ಟು ಕುಂತ್ರ ನಾಚಿಕೊಂಡು ಬಿಡ್ತಾಳ. ಉಣ್ಣು ನೀ. ಸೊರಗಿದಿ."

ಸಂಜೆ ಬಸ್ಸಿನಿಂದ ಪಾರಮ್ಮ ಒಬ್ಬಳೇ ಇಳಿದಳು. ಅಂಜಲಿ ಅವಳ ಹಿಂದೆ ಇನ್ನೂ ಯಾರಾದರೂ ಇಳಿಯುತ್ತಾರಾ ಎಂದು ನೋಡಿದಳು. ಮನೆಗೆ ಬಂದು ಕಾಲು ತೊಳೆದುಕೊಂಡು ಪಾರಮ್ಮ ಹೇಳಿದಳು:

"ಸುಳ್ಳ ಹೇಳಿ ಬಂದೀನಿ. ಕೊಳ್ಳಾಗ ಲಿಂಗ ಕಟಗೊಂಡು, ಮಠದಾಗ ಕುಂತು."

ನಿನ್ನೆಯಷ್ಟೇ ಫೋನು ಹಚ್ಚುವುದಿಲ್ಲ ಎಂದವನು ವಿರುಪಾಕ್ಷಿ. ಆದರೆ ಇವತ್ತು ಇಡೀ ದಿನ ಗಂಗಿಯ ಪಕ್ಕ ಬಿಸಿನೀರಿನ ಬಟ್ಟೆ ಹಿಡಿದು ಕೂತಿದ್ದ. ಬಟ್ಟೆ ತಾಗಿದರೆ ಅವಳ ಮೈಯೆಲ್ಲ ನಡುಗುತ್ತಿತ್ತು.

"ಅಕಿ ಉಟ್ಟ ಸೀರಿನಾರ ಒಂದ ಕೇಳಿ ತರಬಾರದಿತ್ತೇನಬೇ?"

"ಕೇಳಿದ್ರ ಯಾಕಂತ ಕೇಳ್ತಿದ್ಲು. ಜಾಣಿ ಅದಾಳ ಅಕಿ."

"ಸೋಮವಾರ ಫೋನ್ ಬರ್ತೈತಿ. ನಾ ಹೇಳ್ತೀನಿ. ಅದು ಅಕಿ ಅಪ್ಪ ಕೊಟ್ಟದ್ದು. ನಮ್ಮ ಎಮ್ಮಿ ಅಲ್ಲ."

"ಹೇಳಬ್ಯಾಡ ವಿರುಪಾಕ್ಷಿ."

"ನಿನ್ನೆ ನೀನ ಹಚ್ಚು ಅಂದಿ!"

"ನಿನ್ನೆ ನಾ ಅಕಿ ಲಗ್ನಾ ಮಾಡಸೂದು ನೋಡಿರಲಿಲ್ಲ."

ಅಷ್ಟೇ ಹೇಳಿ ಒಲೆ ಹಚ್ಚಲು ಹೋದಳು. ಭಾನುವಾರವಿಡೀ ತಾಯಿ ಮಗ ಸರದಿಯ ಮೇಲೆ ಕೆಚ್ಚಲಿಗೆ ಶಾಖ ಕೊಟ್ಟರು. ಪಂಪಾಪತಿ ಮತ್ತೆ ಬಂದ, ಇನ್ನೊಂದು ಇಂಜೆಕ್ಷನ್ ಕೊಟ್ಟ, ಕಾಲು ಕಟ್ಟಿ ಆದಷ್ಟು ತೆಗೆದ. "ಮೂರು ಉಳೀತಾವ್ರಿ. ನಾಲ್ಕನೇದು ನಾಳೆ ಸಂಜಿ ಮಟ ನೋಡೂಣು," ಎಂದ.

ಸೋಮವಾರ ಸಂಜೆ ಆರಕ್ಕೆ ಫೋನು ಬಂತು. ವಿರುಪಾಕ್ಷಿ ಎತ್ತಿದ. ಸ್ಪೀಕರ್ ಹಾಕಿದ. ಪಾರಮ್ಮ ಅವನ ಎದುರಿಗೇ ಬಂದು ಕೂತಳು. ಅಂಜಲಿ ಅಪ್ಪನ ಮುಖ, ಅಜ್ಜಿಯ ಮುಖ ನೋಡುತ್ತ ಬಾಗಿಲಿಗೆ ಅಂಟಿಕೊಂಡಳು.

"ಊಟ ಆತ್ರಿ?" ಎಂದಿತು ಫೋನು.

"ಆಗಬೇಕು."

"ಅತ್ತಿ ಬಂದಿದ್ರಲ್ಲ, ಮಾತಾಜಿ ಇನ್ನೂ ನೆನಸ್ತಾರ. ಅವರ ಹಂಗ ಹೂವು ಹಾಕಾಕ ಯಾರಿಗೂ ಬರಂಗಿಲ್ಲ ಅಂತಾರ. ನನಗ ಶಬ್ಬಾಸ್ ಅಂದ್ರು ಅವತ್ತು. ಮೊದಲನೇ ಸಲ ಅಂದದ್ದು." ಆಮೇಲೆ, "ಗಂಗಿ?"

ಕೊಟ್ಟಿಗೆಯಲ್ಲಿ ಗಂಗಿ ನರಳಿದ್ದು ಕೇಳಿತು. ಅಂಜಲಿ ಓಡಿ ಹೋಗಿ ಹಿತ್ತಲ ಬಾಗಿಲು ಮುಚ್ಚಿದಳು. ವಿರುಪಾಕ್ಷಿಯ ಬಾಯಿ ತೆರೆದಿತ್ತು. ಪಾರಮ್ಮ ಕೈ ಮುಗಿಯಲಿಲ್ಲ, ಕಣ್ಣು ಕೆಕ್ಕರಿಸಲಿಲ್ಲ, ಬರೀ ಅವನನ್ನು ನೋಡಿದಳು.

"ಅದಾಳ," ಎಂದ ವಿರುಪಾಕ್ಷಿ. "ಮೇಯಾಕತ್ಯಾಳ."

ಫೋನು ಇಟ್ಟ ಮೇಲೆ ಅಂಜಲಿ ಅತ್ತಳು. "ನೀವಿಬ್ರೂ ಸುಳ್ಳ ಹೇಳಿದ್ರಿ. ನನ್ನ ಕೈಲೂ ಬಾಗಲಾ ಹಾಕಿಸಿದ್ರಿ."

"ನಾ ಹಾಕು ಅಂದ್ನೇನು?" ಎಂದ ವಿರುಪಾಕ್ಷಿ.

"ಅನ್ನಲಿಲ್ಲ. ಅದಕ್ಕ ಅಳಾಕತ್ತೀನಿ."

ಮರುದಿನದ ಹೊತ್ತಿಗೆ ಗಂಗಿಯ ನೋವು ಇಳಿದು, ಅವಳು ಮೇವಿಗೆ ಬಾಯಿ ಹಾಕಿದಳು. ಎಡಮೊಲೆ ಮಾತ್ರ ಗಟ್ಟಿಯಾಗಿ ಬತ್ತಿ ನಿಂತಿತು. ಮನೆಗೆ ಪಾಕೀಟು ಹಾಲು ಬರತೊಡಗಿತು.

ನಾಲ್ಕು ವಾರ ತುಂಬಿದ ಭಾನುವಾರ ಶರಣಬಸಮ್ಮ ಒಂದು ದಿನದ ಮಟ್ಟಿಗೆ ಮನೆಗೆ ಬಂದಳು. ಅಂಜಲಿ ನಿಲ್ದಾಣದಿಂದಲೇ ಅವಳ ಸೊಂಟ ಹಿಡಿದುಕೊಂಡು ಬಂದಳು, ಆದರೆ ಗಂಗಿಯ ಹೆಸರು ಎತ್ತಲಿಲ್ಲ. ಶರಣಬಸಮ್ಮ ಚೀಲ ಕಟ್ಟೆಯ ಮೇಲೆ ಇಟ್ಟು ಒಳಗೆ ಬಾರದೆ ನೇರ ಕೊಟ್ಟಿಗೆಗೆ ಹೋದಳು. ಗಂಗಿ ಕಣ್ಣಿ ಎಳೆದಾಡಿ ಕೂಗಿದಳು. ಶರಣಬಸಮ್ಮ ಬಿಳಿ ಸೀರೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಕೈ ಹಾಕಿದಳು. ಮೂರರಿಂದ ಹನಿ ಹನಿ ಬಂತು. ನಾಲ್ಕನೆಯದನ್ನು ಹಿಡಿದವಳು ಹಿಡಿದೇ ಇದ್ದಳು.

ವಿರುಪಾಕ್ಷಿ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಪಾರಮ್ಮ.

"ಯಾವಾಗ ಆತು?"

"ನಾ ಮಠಕ್ಕ ಬಂದಿದ್ನಲ್ಲ," ಎಂದಳು ಪಾರಮ್ಮ, "ಅದರ ಹಿಂದಿನ ದಿನ. ಸೀರಿ ಒಗದವಳು ನಾನ. ಅವಂದೇನ ತಪ್ಪಿಲ್ಲ."

ಶರಣಬಸಮ್ಮ ತಿರುಗಿದಳು. "ಹಿಂದಿನ ದಿನ? ಮತ್ತ ನನ್ನ ಮುಂದ ಕುಂತು ರೊಟ್ಟಿ ಮುರಕೋಂತ ಛಲೋ ಅದಾಳ ಅಂದ್ರಿ?"

"ಅಂದೆ."

"ನೀವೂ, ಫೋನಿನ್ಯಾಗ?"

ವಿರುಪಾಕ್ಷಿ ತಲೆ ತಗ್ಗಿಸಿದ.

"ನನ್ನ ಒಂದ ಮಾತ ಕೇಳಬೇಕಿತ್ತು. ಬರೂದು ಬಿಡೂದು ನಾ ಹೇಳ್ತಿದ್ದೆ. ನಮ್ಮಪ್ಪ ಕೊಟ್ಟ ಎಮ್ಮಿ. ನಾ ಕಲಿಯೂ ವಿದ್ಯಾ. ಎರಡೂ ನಂದ. ನೀವ್ಯಾರು ನನ್ನ ಬಿಟ್ಟು ತೀರ್ಮಾನ ಮಾಡಾಕ?"

"ಕೇಳಿದ್ರ ನೀ ಬರ್ತಿದ್ದಿ," ಎಂದಳು ಪಾರಮ್ಮ.

"ಹೌದು. ಬರ್ತಿದ್ದೆ."

"ಅದಕ್ಕ ಕೇಳಲಿಲ್ಲ."

ಶರಣಬಸಮ್ಮ ಎದ್ದು, ಕೈ ತೊಳೆದು, ಮೊಲೆಗೆ ಬೆಣ್ಣೆ ಸವರಿದಳು. ಅಂದು ಅವಳು ಉಂಡಳು, ಮಗಳ ತಲೆ ಬಾಚಿದಳು, ಶಾಂತಕ್ಕ ಬಂದು ನಗಿಸಿದಾಗ ನಕ್ಕಳು ಕೂಡ. ಅತ್ತೆಯ ಜೊತೆ ಮಾತ್ರ ಮಾತಿಲ್ಲ. ಬೆಳಿಗ್ಗೆ ನಸುಕಿನಲ್ಲೇ ಪಾರಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಎಂಟು ಗಂಟೆಯ ಬಸ್ಸಿಗೆ ಶರಣಬಸಮ್ಮ ಹೊರಟು ನಿಂತಳು. ಹೊಸ್ತಿಲಲ್ಲಿ ನಿಂತು ಅತ್ತೆಯ ಕಡೆ ತಿರುಗಿದಳು.

"ಹೋಗೂದು ಹೋಗಾಕತ್ತೀನ್ರಿ. ಆದ್ರ ನಿಮ್ಮ ಮ್ಯಾಲೆ ಸಿಟ್ಟು ಇಳಿದಿಲ್ಲ. ಇಟಗೊಂಡ ಹೊಂಟೀನಿ."

"ಇಟಗೊಂಡು ಹೋಗು," ಎಂದಳು ಪಾರಮ್ಮ, ಗಂಟು ಕೈಗೆ ಕೊಡುತ್ತ. "ರೊಟ್ಟಿನೂ ಇಟಗೊಂಡು ಹೋಗು, ಶರಣವ್ವಾ. ಮಾತಾಜಿಯವರಿಗೂ ಎರಡು ಕೊಡು."

ಶರಣಬಸಮ್ಮ ಗಂಟು ಇಸಿದುಕೊಂಡಳು. ಬಸ್ಸು ಹೋಯಿತು. ನಮ್ಮ ಓಣಿಯಲ್ಲಿ ಇವತ್ತಿಗೂ ಈ ಮಾತು ಮುಗಿದಿಲ್ಲ. ಪಾರಮ್ಮ ಸೊಸೆಯ ದಾರಿ ಉಳಿಸಿದಳು ಎಂದು ಅರ್ಧ ಮಂದಿ, ಸೊಸೆಯ ಬಾಯಿಯ ಮಾತನ್ನೇ ಕಸಿದಳು ಎಂದು ಇನ್ನರ್ಧ. ಈಗ ನೀವು ಹೇಳಿ: ಆ ಸೋಮವಾರ ಸಂಜೆ ಆರಕ್ಕೆ ಫೋನು ನಿಮ್ಮ ಕೈಯಲ್ಲಿದ್ದು, ಅತ್ತಲಿಂದ ಅವಳು "ಗಂಗಿ?" ಎಂದು ಕೇಳಿದ್ದರೆ, ನೀವು ಏನು ಹೇಳುತ್ತಿದ್ದಿರಿ?